ಮಂಚದ ಕೆಳಗಿನ ಫಿರಂಗಿ ಗುಂಡು

ಬೆಳಿಗ್ಗೆ ಎದ್ದ ಕೂಡಲೇ ಕೆಲವರು ಅಂಗೈ ನೋಡಿಕೊಳ್ಳುತ್ತಾರೆ, ಕೆಲವರು ಮೊಬೈಲು ನೋಡುತ್ತಾರೆ. ಮಳವಳ್ಳಿಯ ಕಸ್ತೂರಿರಂಗ ಮಾತ್ರ ಕಣ್ಣು ಬಿಡುವ ಮೊದಲೇ ಮಂಚದ ಕೆಳಗೆ ಕೈ ಇಳಿಬಿಟ್ಟು ಒಂದು ಗಂಟನ್ನು ಮುಟ್ಟಿ ನೋಡುತ್ತಿದ್ದ. ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಆ ಗಂಟು ದುಂಡಗೆ, ಗಟ್ಟಿಯಾಗಿ ಕೈಗೆ ಸಿಕ್ಕಿದರೆ ಸಮಾಧಾನ. ಮರುಗಳಿಗೆಗೆ ಅನುಮಾನ ಬಂದು ಇನ್ನೊಮ್ಮೆ ಮುಟ್ಟುತ್ತಿದ್ದ.

ಆ ದಿನ ಮುಟ್ಟಿದರೆ ಸಾಲದಾಗಿತ್ತು, ಬಿಚ್ಚಬೇಕಾಗಿತ್ತು. ಬಿಚ್ಚಿದ. ಒಳಗೆ ತೆಂಗಿನಕಾಯಿ ಇತ್ತು.

ಜುಟ್ಟು ತೆಗೆದ, ಚೆನ್ನಾಗಿ ಬಲಿತ ಕಾಯಿ. ಅದರ ಮೂರು ಕಣ್ಣೂ ಅವನನ್ನೇ ನೋಡುತ್ತಿದ್ದವು. ಕಸ್ತೂರಿರಂಗನೂ ಅದನ್ನೇ ನೋಡಿದ. ಆಮೇಲೆ ಪಂಚೆ ಕೊಡವಿದ. ಪಂಚೆಯಿಂದ ಇನ್ನೇನೂ ಬೀಳಲಿಲ್ಲ.

ಅಲ್ಲಿ ಇರಬೇಕಾಗಿದ್ದದ್ದು ಕಬ್ಬಿಣದ ಒಂದು ಫಿರಂಗಿ ಗುಂಡು. 1799ರಲ್ಲಿ ಶ್ರೀರಂಗಪಟ್ಟಣದ ಕಡೆ ಹೊರಟಿದ್ದ ಇಂಗ್ಲಿಷರ ದಂಡಿಗೂ ಟಿಪ್ಪುವಿನ ದಂಡಿಗೂ ಮಳವಳ್ಳಿಯ ಹತ್ತಿರ ಕಾಳಗವಾಯಿತಲ್ಲ, ಆ ಕಾಳಗದ ಜಾಗವನ್ನು ಉಳಿಸಬೇಕೆಂದು ಊರಿನ ನಾಲ್ಕಾರು ಜನ ಸೇರಿ 'ರಣಭೂಮಿ ಬಳಗ' ಎಂದು ಕಟ್ಟಿಕೊಂಡಿದ್ದರು. ಭಾನುವಾರ ಬಂದರೆ ಟೇಪು, ಛತ್ರಿ, ನೀರಿನ ಬಾಟಲಿ ಹಿಡಿದು ಹೊಲಹೊಲ ಅಲೆಯುತ್ತಿದ್ದರು. ಟೇಪು ಬಿಚ್ಚಿದ ಕೂಡಲೇ ಹೊಲದವರು ಓಡಿ ಬಂದು, "ಇಲ್ಲಿ ಸೈಟು ಎಂಗೆ ಕೊಡ್ತೀರಿ?" ಎಂದು ಕೇಳುತ್ತಿದ್ದರು. ಯುದ್ಧ ನಡೆದ ಜಾಗ, ಅಳೆಯುತ್ತಿದ್ದೇವೆ ಎಂದರೆ, "ಯಾರ್‍ಯಾರಿಗೆ ಜಗಳ? ಪಾಲಾಗಿತ್ತಾ?" ಎನ್ನುತ್ತಿದ್ದರು.

ಬಳಗಕ್ಕೆ ಕಸ್ತೂರಿರಂಗ ಕಾರ್ಯದರ್ಶಿ. ಹಗಲು ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆದು, ಸಂಜೆ ಮಂಡ್ಯದ ಬಸ್ಸು ಹತ್ತಿ, ಸಂಜೆ ಕಾಲೇಜಿನಲ್ಲಿ ಇತಿಹಾಸ ಓದಿ ಬಿ.ಎ. ಮಾಡಿಕೊಂಡವನು. ಪಾಠಕ್ಕಿಂತ ಹೆಚ್ಚು ಕರೆಂಟು ಹೋದದ್ದೇ ಅವನಿಗೆ ನೆನಪು. ಹಗಲು ಕಾಲೇಜಿನಲ್ಲಿ ಓದಿದವರಿಗೆ ಗೊತ್ತಿರುವುದೇನೋ ಒಂದು ತನಗೆ ತಪ್ಪಿಹೋಗಿದೆ, ಎಂದಾದರೂ ಯಾರಾದರೂ ಅದನ್ನೇ ಕೇಳಿಬಿಡುತ್ತಾರೆ ಎಂಬ ಅಳುಕು ಅವನನ್ನು ಬಿಟ್ಟಿರಲಿಲ್ಲ. ಅಂಥವನಿಗೇ ಮೂರು ವರ್ಷದ ಹಿಂದೆ, ದೊಡ್ಡ ಮಳೆ ಹೊಡೆದ ಮಾರನೆಯ ದಿನ, ಹೈಸ್ಕೂಲಿನ ಹಿಂದಿನ ದಿನ್ನೆಯಲ್ಲಿ ತುಕ್ಕು ಹಿಡಿದ ಈ ಗುಂಡು ಕಾಲಿಗೆ ತಾಗಿತ್ತು. ಬಳಗದ ಹತ್ತಿರ ಇದ್ದ ಒಂದೇ ಒಂದು ವಸ್ತು ಅದು. ಎಲ್ಲರಿಗಿಂತ ಎಚ್ಚರದ ಮನುಷ್ಯ ಎಂದು ಅವನ ಮಂಚದ ಕೆಳಗೆ ಇಡಿಸಿದ್ದರು.

ಆ ದಿನ್ನೆಗೆ ಈಗ ಕುತ್ತು ಬಂದಿತ್ತು. ಅದರ ಒಡತಿ ದೇವಿರಮ್ಮ ಲೇಔಟು ಮಾಡುವವನಿಗೆ ಮಾತು ಕೊಟ್ಟಾಗಿತ್ತು. ಬಳಗದವರು ಹೋಗಿ ಬೇಡಿಕೊಂಡ ಮೇಲೆ ಒಂದು ಅವಕಾಶ ಕೊಟ್ಟಿದ್ದಳು. "ಮೈಸೂರಿಂದ ಅದ್ಯಾರೋ ಮೇಡಮ್ಮು ಬತ್ತಾರಲ್ಲ, ಅವ್ರು ಇದು ಗೌರ್ಮೆಂಟಿಗೆ ಬೇಕು ಅಂತ ಬರಕೊಟ್ರೆ ಬುಡ್ತೀನಿ. ಇಲ್ದಿದ್ರೆ ಅವತ್ತೇ ಸೈನ್ ಆಕ್ಬುಡ್ತೀನಿ. ನಂಗೂ ವಯಸ್ಸಾಯ್ತು."

ಪುರಾತತ್ವದ ಅಧಿಕಾರಿ ಸೌಮ್ಯ ಮೇಡಂ ಬರುವುದು ಇವತ್ತೇ. ಗುಂಡಿನ ಜಾಗದಲ್ಲಿ ತೆಂಗಿನಕಾಯಿ ಸಿಕ್ಕಿದ್ದೂ ಇವತ್ತೇ.

ಕಸ್ತೂರಿರಂಗ ಹೆಂಡತಿಗೆ ಫೋನು ಮಾಡಿದ. ಶುಭಾ ತಂಗಿಯ ಮಗುವಿನ ನಾಮಕರಣಕ್ಕೆಂದು ಹಿಂದಿನ ದಿನವೇ ಕೆ.ಎಂ. ದೊಡ್ಡಿಗೆ ಹೋಗಿದ್ದಳು. ಫೋನು ರಿಂಗಾಯಿತು, ಆಯಿತು, ನಿಂತಿತು. ನಾಮಕರಣದ ಮನೆಯಲ್ಲಿ ಯಾರು ಫೋನು ಎತ್ತುತ್ತಾರೆ? ಅವನು ಮಂಚ ಎಳೆದ. ಬೀರು ಸರಿಸಿದ. ಅಕ್ಕಿ ಡಬ್ಬಕ್ಕೆ ಮೊಳಕೈತನಕ ತೋಳು ಹಾಕಿ ಕಲಸಿದ. ಹಂಡೆಯೊಳಗೆ ತಲೆ ಹಾಕಿ ನೋಡುತ್ತಿರುವಾಗ ಹಿಂದಿನಿಂದ ದನಿ ಬಂತು.

"ರಂಗಣ್ಣೋರೆ, ಅಂಡೇಲಿ ಏನ್ ಉಡುಕ್ತಾ ಇದ್ದೀರಿ?"

ಪಕ್ಕದ ಮನೆಯ ಚಲುವಮ್ಮ. ಬೀದಿಯಲ್ಲಿ ಯಾರ ಮನೆಯಲ್ಲಿ ಚಮಚ ಬಿದ್ದರೂ ಅವಳು ಬಂದು ಎತ್ತಿಕೊಡುತ್ತಿದ್ದಳು.

ಗುಂಡು ಕಳೆದಿದೆ ಎಂದರೆ ಒಂದು ಗಳಿಗೆಯಲ್ಲಿ ಬೀದಿಗೆ, ಎರಡು ಗಳಿಗೆಯಲ್ಲಿ ಬಳಗಕ್ಕೆ, ಮೇಡಂ ಬರುವ ಹೊತ್ತಿಗೆ ಮೈಸೂರಿಗೆ ಸುದ್ದಿ ಮುಟ್ಟುತ್ತದೆ. "ಏನಿಲ್ಲಮ್ಮ, ಒಂದು ಸಾಮಾನು," ಎಂದ.

"ಏನ್ ಸಾಮಾನು?"

"ಸಣ್ಣದು. ಅಂದ್ರೆ, ಸಣ್ಣದೇನಲ್ಲ."

"ಬೆಲೆ ಬಾಳೋದಾ?"

"ಬೆಲೆ ಕಟ್ಟೋಕಾಗಲ್ಲ ಚಲುವಮ್ಮ," ಎಂದುಬಿಟ್ಟ ಕಸ್ತೂರಿರಂಗ. ಅವನಿಗೆ ಸುಳ್ಳು ಅರ್ಧಕ್ಕಿಂತ ಮುಂದೆ ಬರುತ್ತಿರಲಿಲ್ಲ.

ಚಲುವಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಸಿವನೇ! ಸುಬಮ್ಮೋರ ಸರ!" ಎಂದವಳೇ ಬೀದಿಗೆ ಓಡಿದಳು. ಅವನು "ಅಲ್ಲಮ್ಮ, ಅಲ್ಲ" ಎನ್ನುವಷ್ಟರಲ್ಲಿ ಮನೆ ತುಂಬ ಜನ. ಒಬ್ಬ ಚರಂಡಿಗೆ ಕೋಲು ಹಾಕಿದ. ಒಬ್ಬಾಕೆ ಹಾಸಿಗೆಯ ಹೊಲಿಗೆ ಬಿಚ್ಚತೊಡಗಿದಳು. ಚಲುವಮ್ಮ ಎಲ್ಲರಿಗೂ ಮುಂದಾಳಾಗಿ ನಿಂತು, ಗೂಡುಗೂಡಿಗೂ ಕೈ ಹಾಕಿ ಹುಡುಕಿದಳು. ಅಷ್ಟು ಕಕ್ಕುಲಾತಿಯಿಂದ ಕಸ್ತೂರಿರಂಗನೂ ಹುಡುಕಿರಲಿಲ್ಲ. "ಯಾರ್ ತಗಂಡಿದ್ರೂ ಅವ್ರ ಕೈ ಸೇದೋಗ್ಲಿ," ಎಂದು ಶಾಪವನ್ನೂ ಹಾಕಿದಳು.

ಅಷ್ಟರಲ್ಲಿ ಬಳಗದ ಅಧ್ಯಕ್ಷ ಕೃಷ್ಣಪ್ರಸಾದರ ಫೋನು. ಅವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಕೆಲಸದಲ್ಲಿದ್ದಷ್ಟು ದಿನ ಭಾಷಣ ಮಾಡಲು ಅವಕಾಶ ಸಿಗದೆ, ಅದನ್ನೆಲ್ಲ ಈಗ ಬಡ್ಡಿ ಸಮೇತ ವಸೂಲು ಮಾಡುತ್ತಿದ್ದರು.

"ಕಾರ್ಯದರ್ಶಿಗಳೇ! ಶಾಮಿಯಾನ ಎದ್ದು ನಿಂತಿದೆ, ಮೈಕು ಬಂದಿದೆ, ಮದ್ದೂರು ವಡೆ ಬಿಸಿಯಾಗಿದೆ. ಗುಂಡು ಎಲ್ಲಿ?"

"ಬರ್ತಾ ಇದೆ ಸಾರ್," ಎಂದ ಕಸ್ತೂರಿರಂಗ.

"ಅದೇ ನಮ್ಮ ಬಳಗದ ಪ್ರಾಣ, ನೆನಪಿರಲಿ," ಎಂದು ಫೋನಿಟ್ಟರು.

ಪ್ರಾಣ ಹೋಗಿ ಅದರ ಜಾಗದಲ್ಲಿ ತೆಂಗಿನಕಾಯಿ ಕೂತಿದೆ ಎಂದು ಹೇಳುವುದು ಹೇಗೆ? ಕಸ್ತೂರಿರಂಗ ಮನೆಯನ್ನು ಜನರ ಕೈಗೆ ಬಿಟ್ಟು ತನ್ನ ಮೊಪೆಡ್ ಹತ್ತಿದ. ಎಲ್ಲಿಗೆ ಹೋಗುವುದೆಂದು ಅವನಿಗೇ ಗೊತ್ತಿರಲಿಲ್ಲ. ಮೊಪೆಡ್ಡು ಅಭ್ಯಾಸದಿಂದ ದಿನ್ನೆಯ ದಾರಿ ಹಿಡಿಯಿತು. ದಿನ್ನೆಗೆ ಮುಂಚೆ ಹೈಸ್ಕೂಲು. ಹೈಸ್ಕೂಲಿನ ಬಾಗಿಲಲ್ಲಿ ಅವನ ಎಡಗಾಲಿನ ಹೆಬ್ಬೆರಳು ಜುಂ ಎಂದಿತು.

ಆ ಬೆರಳಿಗೆ ಒಂದು ಕತೆಯಿತ್ತು. ಒಂಬತ್ತನೆಯ ಕ್ಲಾಸಿನಲ್ಲಿ ಪಿ.ಟಿ. ಮೇಷ್ಟ್ರು ಕೆಂಪಸಿದ್ದಯ್ಯ ಎಲ್ಲರ ಕೈಲೂ ಷಾಟ್‌ಪುಟ್ ಎಸೆಸಿದಾಗ, ಕಸ್ತೂರಿರಂಗ ಎಸೆದದ್ದು ಮುಂದಕ್ಕೆ ಹೋಗದೆ ನೆಟ್ಟಗೆ ಅವನ ಕಾಲಿನ ಮೇಲೆ ಬಿದ್ದಿತ್ತು. ಅಂದಿನಿಂದ ಹೆಬ್ಬೆರಳು ಪಕ್ಕದ ಬೆರಳಿನ ಕಡೆ ವಾಲಿಕೊಂಡು ಗುಟ್ಟು ಹೇಳುವವರ ಹಾಗೆ ಇತ್ತು. ದುಂಡಗಿನ, ಭಾರದ, ಕಪ್ಪು ಕಬ್ಬಿಣ! ಕಸ್ತೂರಿರಂಗ ಬ್ರೇಕು ಹಾಕಿದ.

ಇದು ಮೋಸ ಎಂದು ಅವನಿಗೆ ಗೊತ್ತಿತ್ತು. ಮೋಸವಲ್ಲ, ನಿಜವಾದ ಗುಂಡು ಸಿಗುವ ತನಕ ಅದರ ಪರವಾಗಿ ಕೂರುವ ಒಂದು ವಸ್ತು ಎಂದು ತನಗೆ ತಾನೇ ಹೇಳಿಕೊಂಡ. ಮೇಷ್ಟ್ರ ಕೋಣೆಯ ಬಾಗಿಲಿಗೆ ಬರುವ ಹೊತ್ತಿಗೆ ಮತ್ತೆ ಮೋಸವೇ ಅನಿಸಿತು.

ಕೆಂಪಸಿದ್ದಯ್ಯ ಮೇಷ್ಟ್ರು ಒಡೆದ ವಾಲಿಬಾಲು, ತುಂಡಾದ ಜಾವೆಲಿನ್ನುಗಳ ನಡುವೆ ಕೂತು ಸಾಮಾನು ಜೋಡಿಸುತ್ತಿದ್ದರು. ಇನ್ನೇನು ನಿವೃತ್ತಿಗೆ ಹತ್ತಿರ. ಆದರೂ ಅವರನ್ನು ಕಂಡರೆ ಕಸ್ತೂರಿರಂಗನ ಕಾಲು ತಾನಾಗಿಯೇ ಅಟೆನ್ಷನ್ನಿಗೆ ಬರುತ್ತಿತ್ತು.

"ಏನ್ಲಾ ರಂಗ? ಇತ್ಲಾಗೆ ಬಂದೆ?"

"ಸಾರ್, ಆ ಷಾಟ್‌ಪುಟ್ಟು... ಒಂದು ದಿನದ ಮಟ್ಟಿಗೆ..."

"ನೀನಾ? ಷಾಟ್‌ಪುಟ್ಟಾ?" ಮೇಷ್ಟ್ರು ಮೊದಲು ಅವನ ಕಾಲು ನೋಡಿದರು. "ಇನ್ನೊಂದ್ ಬೆಳ್ಳು ಉಳ್ಕಂಡದೆ ಅಂತಾನಾ?"

"ಎಸೆಯೋಕಲ್ಲ ಸಾರ್. ಅದು... ಮನೇಲಿ... ಉಪ್ಪಿನಕಾಯಿ ಜಾಡಿ ಮೇಲೆ ಭಾರಕ್ಕೆ ಇಡೋಕೆ."

ಎಲ್ಲಿಂದ ಬಂತೋ ಆ ಮಾತು. ಬಾಯಿಂದ ಬಿದ್ದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಒಂದು ಸುಳ್ಳು ಪೂರ್ತಿ ಹೇಳಿದ್ದೆ!

"ಯಾಕ್ಲಾ, ಮಳವಳ್ಳೀಲಿ ಕಲ್ಲಿಗೆ ಬರ ಬಂದದಾ?"

"ಕಲ್ಲು ಉಪ್ಪಿಗೆ ಕರಗುತ್ತೆ ಅಂತಾಳೆ ಸಾರ್ ನಮ್ಮನೆಯೋಳು."

"ಕಬ್ಣ ಕರಗಲ್ವಾ? ನಿನ್ನ ಬಿ.ಎ. ಓದಿಸ್ದೋರ್ನ ನೋಡ್ಬೇಕು ನಾನು." ಆದರೂ ಮೂಲೆಯಿಂದ ಗುಂಡು ಉರುಳಿಸಿದರು. "ಸಂಜೆ ಒಳ್ಗೆ ವಾಪಸ್ ಬರ್ಬೇಕು. ಮಾರ್ಚ್ ತಿಂಗ್ಳು ಕಣ್ಲಾ, ನಾಳೆ ಸ್ಟಾಕ್ ನೋಡೋಕೆ ಬತ್ತಾವ್ರೆ. ಇಷ್ಟು ವರ್ಸ ನನ್ ಸ್ಟಾಕಲ್ಲಿ ಒಂದು ಪೀಪಿ ಕಮ್ಮಿ ಬಂದಿಲ್ಲ."

ಗೇಟಿನ ಹೊರಗೆ ಬೇಲಿಯ ಮರೆಯಲ್ಲಿ ಕೂತು, ಬಾಟಲಿಯ ನೀರಿನಲ್ಲಿ ಕೆಮ್ಮಣ್ಣು ಕಲಸಿ ಕಸ್ತೂರಿರಂಗ ಗುಂಡಿಗೆ ಬಳಿದ. ಎಳೆಗೂಸಿಗೆ ಎಣ್ಣೆ ಹಚ್ಚುವ ಹಾಗೆ ಮೂಲೆಮೂಲೆಗೂ ಹಚ್ಚಿದ. ಗುಂಡಿಗೆ ಮೂಲೆ ಎಲ್ಲಿಂದ ಬರಬೇಕು ಎಂಬುದು ಆಮೇಲೆ ಹೊಳೆಯಿತು. ಬಟ್ಟೆ ಬ್ಯಾಗಿಗೆ ಹಾಕಿ ಹ್ಯಾಂಡಲಿಗೆ ತೂಗಿಸಿದ. ದಿನ್ನೆಯ ತಿರುವಿನಲ್ಲಿ ಬ್ಯಾಗಿನ ತಳ ಕಿತ್ತುಕೊಂಡಿತು. ಗುಂಡು ಇಳಿಜಾರಿನಲ್ಲಿ ಉರುಳಿ, ಎಳನೀರು ಮಾರುವವನ ರಾಶಿಗೆ ನುಗ್ಗಿತು. ಎಳನೀರು ದಿಕ್ಕಿಗೊಂದೊಂದು ಓಡಿದವು. ಹಿಂದಿನಿಂದ ಬಂದ ಖಾಸಗಿ ಬಸ್ಸು ಕೀರಲಿಟ್ಟು ನಿಂತಿತು.

"ಏನ್ ಸ್ವಾಮಿ ಅದು, ಬಾಂಬಾ?" ಎಂದ ಕಂಡಕ್ಟರು, ಬಾಗಿಲಲ್ಲಿ ನೇತಾಡುತ್ತ.

"ಅಲ್ಲಪ್ಪ, ಷಾಟ್... ಫಿರಂಗಿ... ಏನಿಲ್ಲ ಹೋಗಪ್ಪ," ಎಂದು ಕಸ್ತೂರಿರಂಗ ಎಳನೀರುಗಳ ನಡುವೆ ಮಂಡಿಯೂರಿ ತಡಕಾಡಿದ. ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. ಮೊದಲು ಎತ್ತಿದ್ದು ಎಳನೀರು. ಎರಡನೆಯದೂ ಎಳನೀರು. ಬೆಳಗಿನಿಂದ ಅವನ ಹಣೆಯಲ್ಲಿ ಬರೀ ಕಾಯಿಯೇ ಬರೆದಿತ್ತು.

ಶರಟಿನೊಳಗೆ ಗುಂಡು ಸೇರಿಸಿ, ಏಳು ತಿಂಗಳ ಬಸುರಿಯ ಹಾಗೆ ಒಂದು ಕೈ ಹೊಟ್ಟೆಗೆ ಕೊಟ್ಟುಕೊಂಡು ಅವನು ದಿನ್ನೆ ಏರಿದಾಗ, ಸೌಮ್ಯ ಮೇಡಂ ಆಗಲೇ ಬಂದು ಕೂತಿದ್ದರು. ಚಿಕ್ಕ ವಯಸ್ಸು, ತಲೆಗೊಂದು ಟೊಪ್ಪಿ, ಮುಖದಲ್ಲಿ ಭಾಷಣ ಕೇಳಿ ಬಂದ ದಣಿವು. ಮೈಕಿನ ಮುಂದೆ ಕೃಷ್ಣಪ್ರಸಾದರು, "ಇದೇ ಮಣ್ಣು! ಇದೇ ಗಾಳಿ!" ಎನ್ನುತ್ತಿದ್ದರು. ಗಾಳಿ ಮಾತ್ರ ಇರಲಿಲ್ಲ. ಸ್ವಲ್ಪ ದೂರದ ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿಕೊಂಡು ಲೇಔಟಿನವನು ಕೂತಿದ್ದ, ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ದೇವಿರಮ್ಮ. ಅವನಿಗೆ ಅವಸರವೇ ಇರಲಿಲ್ಲ. ಇದ್ದದ್ದೆಲ್ಲ ಕಸ್ತೂರಿರಂಗನಿಗೆ.

ಮೇಡಂ ಗುಂಡನ್ನು ಎರಡು ಕೈಯಲ್ಲಿ ತೆಗೆದುಕೊಂಡರು. ಕಸ್ತೂರಿರಂಗ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತ ನಿಂತ. ಅವರು ಬ್ರಷ್ಷಿನಿಂದ ಮಣ್ಣು ಉಜ್ಜಿದರು. ಮಣ್ಣು ಇನ್ನೂ ಹಸಿಯಿತ್ತು. ಅವರು ಹುಬ್ಬು ಗಂಟಿಕ್ಕಿದರು. ಅವನು ಮೂರು ಸಲ ಕೆಮ್ಮಿದ. ಅವರು ಅಳತೆ ಮಾಡಿದರು, ತೂಗಿದರು, ಭೂತಗನ್ನಡಿ ಹಿಡಿದು ಸುತ್ತಲೂ ತಿರುಗಿಸಿದರು. ತಿರುಗಿಸುತ್ತ ತಿರುಗಿಸುತ್ತ ಮುಖ ಅರಳಿತು.

"ಇಲ್ಲಿ ನೋಡಿ, ನಡುವೆ ಒಂದು ತೆಳು ಗೆರೆ. ಎರಡು ಅಚ್ಚು ಕೂಡಿಸಿ ಎರಕ ಹೊಯ್ದ ಗುರುತು. ಇದು ಒಂಬತ್ತು ಪೌಂಡಿನ ಗುಂಡು." ದನಿ ನಡುಗುವಷ್ಟು ಖುಷಿ ಅವರಿಗೆ. "ಹೋದ ಕಡೆಯೆಲ್ಲ ನನಗೆ ರೋಡ್ ರೋಲರಿನ ಬಿಡಿಭಾಗ ತೋರಿಸ್ತಾರೆ ಸಾರ್. ಅಪ್ಪಟ ಗುಂಡು ಕೈಯಲ್ಲಿ ಹಿಡಿದು ಎಷ್ಟು ಕಾಲವಾಯ್ತು! ನಾನು ಇವತ್ತೇ ಬರೀತೀನಿ. ಈ ದಿನ್ನೆ ಮುಟ್ಟೋ ಹಾಗಿಲ್ಲ."

ಚಪ್ಪಾಳೆ ಬಿತ್ತು. ಕೃಷ್ಣಪ್ರಸಾದರು ಕಣ್ಣು ಒರೆಸಿಕೊಂಡರು. ಮರದ ಕೆಳಗೆ ಲೇಔಟಿನವನು ಕಾರಿನ ಕೀ ಕೈಗೆ ತೆಗೆದುಕೊಂಡ.

ಕಸ್ತೂರಿರಂಗ ಮಾತ್ರ ಚಪ್ಪಾಳೆಗೆ ಎತ್ತಿದ ಕೈಯನ್ನು ಹಾಗೇ ಇಳಿಸಿದ. ಓದಿದ ಹೆಣ್ಣುಮಗಳು, ಇಲಾಖೆಯ ಅಧಿಕಾರಿ, ಅವಳ ಕೈಯಲ್ಲಿ ಶಾಲೆಯ ಷಾಟ್‌ಪುಟ್ಟಿಗೆ ಅಪ್ಪಟ ಎಂದು ಹೇಳಿಸಿದೆನಲ್ಲ! ನಾಳೆ ಬೇರೆ ಯಾರೋ ನೋಡಿ ನಕ್ಕರೆ ಆ ಹುಡುಗಿಯ ಕೆಲಸದ ಗತಿ? ಅಷ್ಟರಲ್ಲಿ ಜೇಬಿನಲ್ಲಿ ಫೋನು ಕುಣಿಯಿತು. ಶುಭಾ.

"ಏನ್ರೀ, ಇಪ್ಪತ್ತು ಸಲ ಫೋನ್ ಮಾಡಿದೀರಿ? ಗ್ಯಾಸ್ ಆಫ್ ಮಾಡಿದೀರಿ ತಾನೆ?"

"ಗುಂಡೆಲ್ಲಿ ಶುಭಾ? ಗುಂಡೆಲ್ಲಿ?" ಅವನು ಶಾಮಿಯಾನದ ಕಂಬದ ಹಿಂದೆ ಹೋಗಿ ಪಿಸುಗುಟ್ಟಿದ.

"ಓ ಅದಾ. ಚಲುವಮ್ಮ ಮಿಡಿಮಾವು ಉಪ್ಪಲ್ಲಿ ಹಾಕಿದಾರೆ, ಮೇಲೆ ಹೇರೋಕೆ ಏನಾದ್ರೂ ಕೊಡಿ ಅಂದ್ರು, ಕೊಟ್ಟೆ. ನೀವು ದಿನಾ ಬೆಳಿಗ್ಗೆ ತಡವ್ತೀರಲ್ಲ, ಖಾಲಿ ಸಿಕ್ಕಿದ್ರೆ ಎದೆ ಒಡ್ಕೋತೀರ ಅಂತ ಕಾಯಿ ಸುತ್ತಿಟ್ಟಿದ್ದೆ. ವಾರ ಆಯ್ತು."

ಒಂದು ವಾರದಿಂದ ತಾನು ತೆಂಗಿನಕಾಯಿ ಮುಟ್ಟಿ ನೆಮ್ಮದಿಯಾಗಿ ಏಳುತ್ತಿದ್ದೆ ಎಂಬುದು ಅವನಿಗೆ ತಟ್ಟಲೇ ಇಲ್ಲ. ತಟ್ಟಿದ್ದು ಒಂದೇ: ನಿಜವಾದ ಗುಂಡು ಇದೆ! ನಿಜವಾದದ್ದು ಇರುವಾಗ ಸುಳ್ಳಿನ ಮೇಲೆ ಸ್ಮಾರಕದ ಕಲ್ಲು ನೆಡಿಸುವುದೇ? ಈ ಷಾಟ್‌ಪುಟ್ಟನ್ನೇ ಇಷ್ಟು ಮೆಚ್ಚಿದ ಮೇಡಂ, ಅಸಲು ಗುಂಡು ನೋಡಿದರೆ ಇನ್ನೆಷ್ಟು ಮೆಚ್ಚಬಹುದು!

"ಶುಭಾ, ಚಲುವಮ್ಮನಿಗೆ ಈಗಲೇ ಫೋನ್ ಮಾಡು. ಆಟೋದಲ್ಲಿ ದಿನ್ನೆಗೆ ತರಲಿ," ಎಂದವನೇ ಮೇಡಂ ಮುಂದೆ ಹೋಗಿ ನಿಂತ.

"ಮೇಡಂ, ಬರೀಬೇಡಿ. ಒಂದು ಮಾತಿದೆ."

"ವಂದನಾರ್ಪಣೆ ಆಮೇಲೆ ಕಾರ್ಯದರ್ಶಿಗಳೇ," ಎಂದು ಕೃಷ್ಣಪ್ರಸಾದರು ಅಂಗಿಯ ತುದಿ ಎಳೆದರು.

"ವಂದನಾರ್ಪಣೆಯಲ್ಲ ಸಾರ್. ಮೇಡಂ, ಅದು ಫಿರಂಗಿ ಗುಂಡಲ್ಲ. ಅಗೋ, ಆ ಶಾಲೆಯ ಷಾಟ್‌ಪುಟ್ಟು. ಬೆಳಿಗ್ಗೆ ನಾನೇ ತಂದದ್ದು."

ಶಾಮಿಯಾನದಡಿ ವಡೆ ಜಗಿಯುವ ಸದ್ದೂ ನಿಂತಿತು.

"ಷಾಟ್‌ಪುಟ್ಟು," ಎಂದರು ಮೇಡಂ.

"ಹೌದು. ಹೆಣ್ಣುಮಕ್ಕಳು ಎಸೆಯೋದು."

"ಮತ್ತೆ ಈ ಮಣ್ಣು?"

"ಅದೂ ನಾನೇ ಹಚ್ಚಿದ್ದು ಮೇಡಂ. ಆದರೆ ನಿಜವಾದದ್ದು ಬರ್ತಾ ಇದೆ. ಒಂದೇ ಗಳಿಗೆ."

ಮೇಡಂ ತಮ್ಮ ಕೆಂಪಾದ ಅಂಗೈ ನೋಡಿಕೊಂಡರು. ಗುಂಡನ್ನು ಇನ್ನೊಮ್ಮೆ ತಿರುಗಿಸಿ, ಆ ಗೆರೆಯನ್ನು ಉಗುರಿನಿಂದ ಮುಟ್ಟಿ ನೋಡಿದರು. ಅಷ್ಟು ಜನರೆದುರಿಗೆ ಅಪ್ಪಟ ಎಂದುಬಿಟ್ಟಿದ್ದರಲ್ಲ. ಗುಂಡನ್ನು ಮೇಜಿನ ಮೇಲಿಟ್ಟು ಕರವಸ್ತ್ರ ತೆಗೆದು ಒಂದೊಂದೇ ಬೆರಳು ಒರೆಸಿಕೊಂಡರು. "ಕಾಯ್ತೀನಿ," ಎಂದರು. ಹಾಗೆ ಕಾಯುವವರನ್ನು ಕಂಡರೆ ಎದ್ದು ಓಡಿಹೋಗಬೇಕೆನಿಸುತ್ತದೆ. ಕಸ್ತೂರಿರಂಗ ಓಡಲಿಲ್ಲ, ಶಾಮಿಯಾನದ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ನಡೆದ. ಕೃಷ್ಣಪ್ರಸಾದರು ಅವನ ಹಿಂದೆಯೇ ನಡೆದು, "ಆಕೆ ಒಪ್ಪಿದ್ದಳಲ್ಲಯ್ಯಾ, ಒಪ್ಪಿದ್ದಳಲ್ಲಯ್ಯಾ," ಎಂದು ಕಿವಿಯಲ್ಲಿ ಜಪ ಮಾಡಿದರು.

ಆಟೋ ಬಂತು. ಚಲುವಮ್ಮ ಸೆರಗಿನಲ್ಲಿ ಗುಂಡು ಕಟ್ಟಿಕೊಂಡು, ಬಾಣಂತಿಗೆ ಮಡಿಲು ತುಂಬಲು ಬಂದವಳ ಹಾಗೆ ಇಳಿದಳು.

"ಇದಕ್ಕಾ ಸ್ವಾಮಿ ಬೆಳಗಿಂದ ಅಂಡೆ ಗುಂಡೆ ತಡಕಿದ್ದು? ಬಾಯಿ ಬುಟ್ಟು ಏಳಿದ್ರೆ ಆಗಲೇ ಕೊಡ್ತಿರ್ಲಿಲ್ವಾ? ಸರ ಅಂತ ತಿಳ್ಕಂಡು ನಾನು ನಂಗೇ ಸಾಪ ಆಕ್ಕಂಡೆ!" ಎಂದು ಮೊದಲು ಅವನಿಗೆ ಚೆನ್ನಾಗಿ ಮಂಗಳಾರತಿ ಮಾಡಿ, ಆಮೇಲೆ ಮೇಡಂ ಕಡೆ ತಿರುಗಿ ನಕ್ಕಳು. "ದೊಡ್ಡೋರು ನೋಡ್ತಾರೆ ಅಂತ ಸುಬಮ್ಮ ಅಂದ್ರು. ಉಪ್ಪುನೀರಲ್ಲಿ ನೆಂದು ತುಕ್ಕೆಲ್ಲ ಸಡ್ಲ ಆಗಿತ್ತು ಕಣವ್ವ. ಉಣಸೆಅಣ್ಣು ಆಕಿ ಚೆಂದಾಗಿ ಬೆಳಗಿ ತಂದಿವ್ನಿ. ಎಂಗೆ ಒಳೀತದೆ ನೋಡಿ!"

ನಿಜವಾಗಿಯೂ ಹೊಳೆಯುತ್ತಿತ್ತು. ಮೂರು ವರ್ಷ ಮಂಚದ ಕೆಳಗಿದ್ದ ತುಕ್ಕಿನ ಮುದ್ದೆ ಹಿತ್ತಾಳೆ ಚೊಂಬಿನ ಹಾಗೆ ಮಿಂಚುತ್ತಿತ್ತು. ಮಾವಿನ ಸೊನೆಯ ವಾಸನೆ ಶಾಮಿಯಾನಕ್ಕೆಲ್ಲ ಹರಡಿತು. ಮೇಡಂ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು. ಒಂದು ಕಡೆ ಕೈ ನಿಂತಿತು.

"ಕಸ್ತೂರಿರಂಗ ಅವರೇ, ಇದನ್ನ ನೀವೇ ಓದಿ."

ಅವನು ಬಗ್ಗಿ ನೋಡಿದ. ಕಬ್ಬಿಣದ ಮೇಲೆ ಅಚ್ಚೊತ್ತಿದ ಅಕ್ಷರ, ತುಕ್ಕು ಹೋಗಿ ಈಗಷ್ಟೇ ಕಣ್ಣು ಬಿಟ್ಟ ಹಾಗೆ ಸ್ಪಷ್ಟವಾಗಿತ್ತು: ನಾಲ್ಕು ಕೆ.ಜಿ.

"ಟಿಪ್ಪು ಕಾಲದಲ್ಲಿ ಕೆ.ಜಿ. ಇರಲಿಲ್ಲ," ಎಂದರು ಮೇಡಂ, ಮೆಲ್ಲಗೆ. ಗದರಿಸಿದ್ದರೆ ಚೆನ್ನಾಗಿತ್ತು. "ಒಂದು ಷಾಟ್‌ಪುಟ್ಟು ಅಂತ ನೀವೇ ಹೇಳಿದಿರಿ. ಇನ್ನೊಂದು ಷಾಟ್‌ಪುಟ್ಟು ಅಂತ ಅದೇ ಹೇಳ್ತಾ ಇದೆ. ನಾನು ಇದರಲ್ಲಿ ಏನು ಬರೀಲಿ?"

ಅವರು ವಡೆ ಮುಟ್ಟಲಿಲ್ಲ. ಜೀಪು ದಿನ್ನೆ ಇಳಿದು, ಧೂಳು ಎಬ್ಬಿಸಿ, ಮೈಸೂರಿನ ದಾರಿ ಹಿಡಿಯಿತು. ಬಳಗದವರು ಒಬ್ಬೊಬ್ಬರಾಗಿ, ಸಾವಿನ ಮನೆಯಿಂದ ಹೊರಡುವವರ ಹಾಗೆ ಯಾರಿಗೂ ಹೇಳದೆ ಹೊರಟರು. ಕೃಷ್ಣಪ್ರಸಾದರು ಮಾತ್ರ ಉಳಿದರು, ಮೈಕು ಆಫ್ ಮಾಡುವುದು ಅವರಿಗೆ ಗೊತ್ತಿರಲಿಲ್ಲ.

ಆಗ ಕೆಂಪಸಿದ್ದಯ್ಯ ಮೇಷ್ಟ್ರ ಸ್ಕೂಟರು ಗುಡುಗುತ್ತ ಬಂತು.

"ಲೇ ರಂಗ! ಉಪ್ಪಿನ್ಕಾಯಿ ಅಂದ್ಬುಟ್ಟು ಇಲ್ಲಿ ತಂದು ಮೆರವಣಿಗೆ ಮಾಡ್ತಾ ಇದ್ದೀಯಾ? ಮೈಕಲ್ಲಿ ಎಲ್ಲ ಕೇಳಿಸ್ತು ಕಣ್ಲಾ ಇಸ್ಕೂಲ್‌ಗಂಟ!" ಎನ್ನುತ್ತ ಮೇಜಿನ ಹತ್ತಿರ ಬಂದವರು ಥಟ್ಟನೆ ನಿಂತರು. ಹೊಳೆಯುವ ಗುಂಡನ್ನು ಎತ್ತಿಕೊಂಡರು. ಅಕ್ಷರ ಓದಿದರು. ಕಣ್ಣು ತುಂಬಿ ಬಂತು. "ಅಯ್ಯೋ ನನ್ನಪ್ಪಾ, ಇದೆಲ್ಲಿ ಸಿಕ್ತು? ಇದೇ ಕಣ್ಲಾ ನನ್ ಷಾಟ್‌ಪುಟ್ಟು! ಓಸದಾಗಿ ತರಿಸಿದ್ದು. ಇಂದ್ರಮ್ಮ ಅಂತ ಒಂದು ಉಡುಗಿ ಇತ್ತು, ಏನ್ ರಟ್ಟೆ ಅಂತೀಯಾ. ಬೇಲಿ ದಾಟಿಸಿ ಈ ದಿನ್ನೆಗೆ ಬಿಸಾಕ್ತು ನೋಡು, ಆಮ್ಯಾಕೆ ಸಿಗ್ಲೇ ಇಲ್ಲ. ನೀನು ಇಸ್ಕೂಲಿಗೆ ಸೇರೋಕ್ಕೆ ಮುಂಚೆ."

ಕಸ್ತೂರಿರಂಗನಿಗೆ ಒಂದು ಅನುಮಾನ ಬಂತು. ಬೇಡವೆಂದರೂ ಬಂತು. "ಹಾಗಾದ್ರೆ ಸಾರ್... ನನಗೆ ಬೆಳಿಗ್ಗೆ ಕೊಟ್ಟದ್ದು?"

"ಅದಾ?" ಮೇಷ್ಟ್ರು ಹೆಮ್ಮೆಯಿಂದ ಎದೆ ಉಬ್ಬಿಸಿದರು. "ಸ್ಟಾಕಲ್ಲಿ ಒಂದು ಕಮ್ಮಿ ಬಂದ್ರೆ ನನ್ ಕೆಲ್ಸ ಉಳೀತಿತ್ತಾ? ಈ ದೇವಿರಮ್ಮನ ಯಜಮಾನ್ರು ಇದೇ ದಿನ್ನೆ ಉಳುವಾಗ ಅದ್ಯಾವುದೋ ಕಬ್ಣದ ಉಂಡೆ ಸಿಕ್ಕಿತ್ತು. ಗಾಡಿ ಗಾಲಿಗೆ ಅಡ್ಡ ಕೊಡ್ತಾ ಇದ್ರು. ಈಸ್ಕಂಡು ಓಗಿ ತೂಗ್ದೆ, ಎಚ್ಚುಕಮ್ಮಿ ನಾಕು ಕೆ.ಜಿ.! ಸ್ಟಾಕು ಸರಿಹೋಯ್ತು. ಅವತ್ತಿಂದ ಇಸ್ಕೂಲು ಅದರಲ್ಲೇ ಎಸ್ಕಂಡು ಬಂದದೆ. ನೀನು ಕೇಳಿದ್ದು ಉಪ್ಪಿನ್ಕಾಯಿಗೆ ಅಲ್ವಾ? ಫಿರಂಗಿ ವಿಸ್ಯ ಅಂದಿದ್ರೆ ಆಗಲೇ ಏಳ್ತಿದ್ದೆ."

ಮರದ ಕೆಳಗಿನಿಂದ ದೇವಿರಮ್ಮ ಕೂಗಿದಳು. "ಊಂ ಕಣಪ್ಪ, ನಮ್ಮೋರೆ ಕೊಟ್ಟಿದ್ದು. ಒಂದಲ್ಲ, ಎಲ್ಡೋ ಮೂರೋ ಸಿಕ್ಕಿದ್ವು. ಮಿಕ್ಕಿದ್ದು ಗುಜರಿಯೋನಿಗೆ ಆಕುದ್ವು."

ಕಸ್ತೂರಿರಂಗ ಕೂಡಲೇ ಸೌಮ್ಯ ಮೇಡಂಗೆ ಫೋನು ಮಾಡಿದ. "ಮೇಡಂ, ನೀವು ಹೇಳಿದ್ದೇ ಸರಿ! ಮೊದಲನೆಯದು ಅಪ್ಪಟ! ಷಾಟ್‌ಪುಟ್ಟು ಕಳೆದುಹೋಗಿ, ಆಮೇಲೆ ಗಾಡಿ ಗಾಲಿಗೆ..."

"ಕಸ್ತೂರಿರಂಗ ಅವರೇ," ಎಂದರು ಮೇಡಂ, "ಒಂದೇ ದಿನಕ್ಕೆ ಮೂರು ಕತೆ ನನಗೆ ಆಗಲ್ಲ." ಫೋನು ಕಟ್ಟಾಯಿತು. ಆಮೇಲೆ ಎಷ್ಟು ಮಾಡಿದರೂ ರಿಂಗಾಗಲಿಲ್ಲ.

"ಸಾರ್," ಎಂದ ಮೇಷ್ಟ್ರಿಗೆ ಕೈ ಮುಗಿದು, "ಆ ಹಳೇದನ್ನಾದರೂ ನನಗೆ ಬಿಡಿ. ನಿಮ್ಮದು ನಿಮಗೆ ಸಿಕ್ಕಿತಲ್ಲ."

"ಬುಡೋಕೆ ಅದ್ಯಾರಪ್ಪನದು? ಅದು ಸ್ಟಾಕಲ್ಲಿ ಸೇರೋಗದೆ. ಇದೂ ಇಸ್ಕೂಲಿಂದೇ. ನಾಳೆ ಬರೋರ್ಗೆ ಒಂದು ಎಚ್ಚಾಗೇ ತೋರಿಸ್ತೀನಿ, ನೋಡ್ಕಳ್ಳಿ ಬಡ್ಡೈಕ್ಳು." ಮೇಷ್ಟ್ರು ಹೊಳೆಯುವುದನ್ನು ಡಿಕ್ಕಿಗೆ ಇಳಿಸಿದರು. "ಅದನ್ನೂ ಇತ್ಲಾಗೆ ಎತ್ತಿ ಕೊಡ್ಲಾ."

ಕಸ್ತೂರಿರಂಗ ಹಳೆಯ ಗುಂಡನ್ನು ಎತ್ತಿದ. ಮೊದಲ ಬಾರಿಗೆ ಅದನ್ನು ಸರಿಯಾಗಿ ನೋಡಿದ. ನಡುವೆ ತೆಳು ಗೆರೆ. ಎರಡು ನೂರು ವರ್ಷದ ಕೆಳಗೆ ಯಾರೋ ಹೊಯ್ದದ್ದು, ಯಾರೋ ಹಾರಿಸಿದ್ದು. ನೋಡುತ್ತ ನೋಡುತ್ತ ಅವನ ಕೈ ಬೆವೆತಿತು. ಗುಂಡು ಜಾರಿ ನೆಟ್ಟಗೆ ಎಡಗಾಲಿನ ಹೆಬ್ಬೆರಳಿನ ಮೇಲೆ ಬಿತ್ತು.

"ಅದೇ ಬೆಳ್ಳು!" ಎಂದರು ಮೇಷ್ಟ್ರು, ಮೆಚ್ಚಿಕೊಂಡು. "ಒಂಬತ್ನೇ ಕ್ಲಾಸಲ್ಲೂ ಇದೇ ಗುಂಡು, ಇದೇ ಬೆಳ್ಳು. ನಿನ್ ಗುರಿ ಇಷ್ಟು ವರ್ಸಕ್ಕೂ ತಪ್ಪಿಲ್ಲ ಕಣ್ಲಾ."

ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತಿದ್ದ ಕಸ್ತೂರಿರಂಗನಿಗೆ ಆ ನೋವಿನಲ್ಲೂ ಹೊಳೆಯಿತು. ಮಳವಳ್ಳಿಯ ಕಾಳಗದಲ್ಲಿ ಗುಂಡು ತಾಗಿ ಇನ್ನೂ ಬದುಕಿರುವವನು ಇಡೀ ಪ್ರಪಂಚದಲ್ಲಿ ತಾನೊಬ್ಬನೇ. ಅದೂ ಎರಡು ಸಲ ತಾಗಿದವನು. ಹೇಳಿದರೆ ನಂಬುವವರು ಮಾತ್ರ ಯಾರೂ ಇರಲಿಲ್ಲ.

ಸ್ಕೂಟರು ಎರಡೂ ಗುಂಡು ಹೊತ್ತು ಶಾಲೆಯ ಕಡೆ ಇಳಿಯಿತು. ಚಲುವಮ್ಮ, "ಮಿಡಿಮಾವು ತೇಲ್ತಾ ಅದೆ, ನಾನು ಓಯ್ತೀನಿ. ಒಂದ್ ಒಳ್ಳೆ ಕಲ್ಲಿದ್ರೆ ತಂದ್ಕೊಡಿ ರಂಗಣ್ಣೋರೆ," ಎಂದು ಆಟೋ ಹತ್ತಿದಳು. ಕಸ್ತೂರಿರಂಗ ಹೊಂಗೆ ಮರದ ನೆರಳಿಗೆ ಕುಂಟಿಕೊಂಡು ಬಂದು ಕೂತ. ಲೇಔಟಿನವನು ಒಳ್ಳೆಯವನು, ತನ್ನ ಕುರ್ಚಿ ಬಿಟ್ಟುಕೊಟ್ಟು ಕಾಲಿಗೆ ತಣ್ಣೀರು ಹಾಕಿದ. ಆಮೇಲೆ ಕಾರಿನಿಂದ ಕಾಗದ ತೆಗೆದು ಬಾನೆಟ್ಟಿನ ಮೇಲೆ ಹರವಿ, ಜೇಬು ತಡಕಿದ. ಇನ್ನೊಂದು ಜೇಬೂ ತಡಕಿದ.

"ಅಯ್ಯೋ," ಎಂದಳು ದೇವಿರಮ್ಮ, ಸೆರಗು ಸರಿಮಾಡಿಕೊಂಡು ಎದ್ದು. "ರಂಗಪ್ಪ, ನಿನ್ತಾವ ಒಂದ್ ಪೆನ್ನು ಅದಾ?"

ಕಸ್ತೂರಿರಂಗ ಕಾರ್ಯದರ್ಶಿ. ಅವನ ಹತ್ತಿರ ಪೆನ್ನು ಇಲ್ಲದ ದಿನವೇ ಇರಲಿಲ್ಲ. ಜೇಬಿನಿಂದ ತೆಗೆದ, ಬರೆಯುತ್ತದೆಯೋ ಇಲ್ಲವೋ ಎಂದು ಅಂಗೈ ಮೇಲೆ ಒಂದು ಗೆರೆ ಎಳೆದು ನೋಡಿದ, ಕ್ಯಾಪು ಹಿಂದಕ್ಕೆ ಸಿಕ್ಕಿಸಿ ಅವಳ ಕೈಗೆ ಕೊಟ್ಟ.